ಮನೆಯ ಕೈ ಮರೆತ ಅಭ್ಯಂಗ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಅಂಜನಾಪುರವು ಒಂದು ತಲೆಮಾರಿನ ಹಿಂದೆ ಹೊಲ, ಕೆರೆಗಳ ನಡುವಣ ಸಾಮಾನ್ಯ ಗ್ರಾಮವಾಗಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅಲ್ಲಿ ಬಡಾವಣೆಯನ್ನು ರಚಿಸಿತು. 2021ರ ಜನವರಿಯಲ್ಲಿ ಮೆಟ್ರೊದ ಹಸಿರು ಮಾರ್ಗವು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದಿತು. ತುಮಕೂರು, ಹಾಸನ, ದಾವಣಗೆರೆ, ಹುಬ್ಬಳ್ಳಿಗಳ ಕಡೆಯಿಂದ ಉದ್ಯೋಗಕ್ಕಾಗಿ ಬಂದ ಮಕ್ಕಳು ಇಂಥ ಬಡಾವಣೆಗಳಲ್ಲಿ ಮನೆ ಮಾಡಿದ್ದಾರೆ. ಅವರ ಹಿಂದೆಯೇ ಊರಿನ ಮನೆಗೆ ಬೀಗ ಹಾಕಿ ತಂದೆತಾಯಿಗಳೂ ಬಂದಿದ್ದಾರೆ. ಜಯನಗರ, ಜೆ.ಪಿ. ನಗರ, ಬನಶಂಕರಿಗಳಿಂದ ಹಿಡಿದು ಇಲ್ಲಿಯವರೆಗೂ ಮುಖ್ಯರಸ್ತೆಗಳಲ್ಲಿ ಆಯುರ್ವೇದದ ಹೆಸರಿನ ಫಲಕಗಳು ಕಾಣಸಿಗುತ್ತವೆ. ಆ ಫಲಕಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವ ಪದವೆಂದರೆ ಅಭ್ಯಂಗ.

ತಿಪಟೂರಿನ ಕಡೆಯಿಂದ ಬಂದು ಮಗನ ಮನೆಯಲ್ಲಿ ನೆಲೆಸಿರುವ ಹಿರಿಯರೊಬ್ಬರು ನಮ್ಮೊಡನೆ ಹೇಳಿಕೊಂಡ ಮಾತು ಇಲ್ಲಿ ನೆನಪಾಗುತ್ತದೆ. "ಮಗ ಒಳ್ಳೆಯವನೇ ಸ್ವಾಮಿ. ಮಂಡಿ ನೋವೆಂದು ಹೇಳಿದ್ದಕ್ಕೆ ದುಡ್ಡು ಕಟ್ಟಿ ಎಣ್ಣೆ ಹಚ್ಚಿಸಿಕೊಂಡು ಬರಲು ಕಳುಹಿಸಿದ. ಅಲ್ಲಿನ ಹುಡುಗರು ಚೆನ್ನಾಗಿಯೇ ತಿಕ್ಕಿದರು. ಆದರೆ ಮುಂದಿನ ಶನಿವಾರ ಏನು ಮಾಡಲಿ?" ಈ ಪ್ರಶ್ನೆಯನ್ನು ನಾವು ನಗೆಮಾತೆಂದು ತಳ್ಳಿಹಾಕಲಾರೆವು. ಅಭ್ಯಂಗವು ವರ್ಷಕ್ಕೊಮ್ಮೆ ಕೊಂಡುಕೊಳ್ಳುವ ಸುಖವೋ, ವಾರವಾರವೂ ಮನೆಯಲ್ಲಿ ನಡೆಯಬೇಕಾದ ಆರೈಕೆಯೋ ಎಂಬುದೇ ಅದರ ಒಳಗಿರುವ ಪ್ರಶ್ನೆ.

ಶಾಸ್ತ್ರಗ್ರಂಥಗಳ ಉತ್ತರದಲ್ಲಿ ಗೊಂದಲವಿಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅಭ್ಯಂಗವು ಬರುವುದು ರೋಗಗಳ ಚಿಕಿತ್ಸೆಯನ್ನು ಹೇಳುವ ಭಾಗದಲ್ಲಲ್ಲ. ಸೂತ್ರಸ್ಥಾನದ ಎರಡನೆಯ ಅಧ್ಯಾಯವಾದ ದಿನಚರ್ಯೆಯಲ್ಲಿ. ಹಲ್ಲುಜ್ಜುವುದು, ವ್ಯಾಯಾಮ, ಸ್ನಾನಗಳ ಸಾಲಿನಲ್ಲಿಯೇ ಅದಕ್ಕೆ ಸ್ಥಾನ. ಮುಖ್ಯವಾಗಿ ತಲೆ, ಕಿವಿ, ಅಂಗಾಲುಗಳನ್ನು ಮರೆಯಬಾರದೆಂದು ಆತ ವಿಧಿಸುತ್ತಾನೆ. ಚರಕಸಂಹಿತೆಯು ಮೈಗೆ ಎಣ್ಣೆ ಹಚ್ಚುವುದನ್ನು ಮಡಕೆ, ತೊಗಲು ಮತ್ತು ಗಾಡಿಯ ಅಚ್ಚುಗಳಿಗೆ ಎಣ್ಣೆ ಬಿಡುವುದಕ್ಕೆ ಹೋಲಿಸುತ್ತದೆ. ಅಚ್ಚಿಗೆ ಎಣ್ಣೆ ಬಿಡುವ ಕೆಲಸ ಒಮ್ಮೆ ಮಾಡಿದರೆ ಮುಗಿಯುವಂಥದ್ದಲ್ಲವೆಂದು ಎತ್ತಿನ ಗಾಡಿಯನ್ನು ಕಂಡ ನಮ್ಮ ಹಿರಿಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪದದ ವಿಷಯವಾಗಿ ಒಂದು ಮಾತು. 'ಅಭ್ಯಂಗ' ಎಂಬುದು ಬಳಿಯುವುದು, ಲೇಪಿಸುವುದು ಎಂಬರ್ಥದ 'ಅಂಜ್' ಧಾತುವಿನಿಂದ ಬಂದುದು. ಕಣ್ಣಿಗೆ ಹಚ್ಚುವ 'ಅಂಜನ'ಕ್ಕೂ ಅದೇ ಧಾತು. ಅಂಜನಾಪುರಕ್ಕೆ ಆ ಹೆಸರು ಬಂದ ಕಾರಣ ಬೇರೆಯೇ ಇದ್ದೀತು. ಆದರೂ ಆ ಊರಿನ ಹೆಸರಿನೊಳಗೆ ಲೇಪನದ ಅರ್ಥವು ಅಡಗಿರುವುದು ಒಂದು ಸೊಗಸು.

ಅರಮನೆಯಿಂದ ಬಚ್ಚಲುಮನೆಗೆ

ಕನ್ನಡನಾಡಿಗೆ ಇದು ಹೊರಗಿನಿಂದ ಬಂದ ಪದ್ಧತಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 12ನೆಯ ಶತಮಾನದ ಪೂರ್ವಾರ್ಧದ ಸಂಸ್ಕೃತ ವಿಶ್ವಕೋಶ. ಅದರಲ್ಲಿ ಅರಸನ ಸ್ನಾನಕ್ಕೆಂದೇ ಒಂದು ಭಾಗವಿದೆ: ಹೂವಿನ ಕಂಪನ್ನು ಹಿಡಿಸಿದ ಎಳ್ಳೆಣ್ಣೆ, ಅದನ್ನು ಮೈಗೆ ತಿಕ್ಕುವ ನುರಿತ ಕೈಗಳು, ಜಿಡ್ಡು ತೆಗೆಯುವ ಚೂರ್ಣ, ಎಲ್ಲವೂ ಅಲ್ಲಿ ಬರುತ್ತವೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಬಳಿಕ ಶರಣರು ಕಾಯಕಕ್ಕೆ ಗೌರವ ತಂದರು. ಶರಣರ ಸಾಲಿನಲ್ಲಿ ಗಾಣದ ಕಣ್ಣಪ್ಪನೂ ಇದ್ದಾನೆ, ವೈದ್ಯ ಸಂಗಣ್ಣನೂ ಇದ್ದಾನೆ. ಎಣ್ಣೆ ತೆಗೆಯುವವನೂ ಅದರ ಗುಣವರಿತವನೂ ಒಂದೇ ಪಂಕ್ತಿಯಲ್ಲಿ ಕುಳಿತದ್ದು ಆ ಕಾಲದ ವಿಶೇಷ.

ವಿಜಯನಗರದ ವಿಷಯದಲ್ಲಿ ಕಣ್ಣಾರೆ ಕಂಡವನ ಬರಹವೇ ಇದೆ. ಸುಮಾರು 1520ರ ವೇಳೆಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನ ಬೆಳಗಿನ ಕ್ರಮವನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಭಾರವೆತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಧನೆ ಮಾಡುತ್ತಿದ್ದನಂತೆ. ಆಮೇಲೆ ಕುಸ್ತಿ, ಕುದುರೆ ಸವಾರಿ, ಸ್ನಾನ. ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಮಾಲೀಸಿನ ಪದ್ಧತಿಯು ಇಂದಿಗೂ ಉಳಿದಿದೆ.

ಆದರೆ ನಮ್ಮ ಮನೆಗಳಿಗೆ ಅಭ್ಯಂಗವು ಬಂದದ್ದು ಅರಮನೆಯ ದಾರಿಯಿಂದಲ್ಲ, ಹಬ್ಬದ ದಾರಿಯಿಂದ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ತೊಳೆದು, ಸುಣ್ಣ-ಕೆಮ್ಮಣ್ಣು ಬಳಿದು, ಮರುದಿನ ನಸುಕಿನಲ್ಲಿ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತುತ್ತಿದ್ದ ತಾಯಂದಿರನ್ನು ನಾವೆಲ್ಲ ಕಂಡವರೇ. ಯುಗಾದಿಗೂ ಎಣ್ಣೆಸ್ನಾನವುಂಟು. ಇದಲ್ಲದೆ ಬಹಳ ಮನೆಗಳಲ್ಲಿ ಹೆಂಗಸರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ ಎಂಬ ಕಟ್ಟಳೆಯಿತ್ತು. ಹಳೆಯ ಮೈಸೂರಿನಲ್ಲಿ ಹರಳೆಣ್ಣೆ ಎನ್ನುವುದನ್ನೇ ಉತ್ತರ ಕರ್ನಾಟಕದವರು ಔಡಲೆಣ್ಣೆ ಎನ್ನುತ್ತಾರೆ; ಎರಡೂ ಕಡೆ ನೆತ್ತಿಗೆ ಅದು ತಂಪೆಂಬ ನಂಬಿಕೆ. ಎಣ್ಣೆ ಹಚ್ಚಿಕೊಂಡು ಎರೆದುಕೊಂಡ ಮೇಲೆ ಇಷ್ಟಲಿಂಗ ಪೂಜೆ, ಅದರ ನಂತರವೇ ಊಟ. ಆ ಮಧ್ಯಾಹ್ನದ ನಿದ್ರೆಯ ಸುಖವನ್ನು ಬಲ್ಲವರೇ ಬಲ್ಲರು.

ಕ್ರಮವೇನು?

ವೈದ್ಯಶಾಲೆಗಳಲ್ಲಿ ಅಭ್ಯಂಗವನ್ನು ಏಳು ಭಂಗಿಗಳಲ್ಲಿ ನಡೆಸುತ್ತಾರೆ. ಕುಳಿತು, ಅಂಗಾತ ಮಲಗಿ, ಎರಡು ಮಗ್ಗುಲುಗಳಿಗೆ ಹೊರಳಿ, ಬೋರಲಾಗಿ, ಹೀಗೆ ಸಾಗಿ ಕೊನೆಗೆ ಮತ್ತೆ ಕುಳಿತುಕೊಳ್ಳುವುದು. ಸಾಮಾನ್ಯವಾಗಿ ಇಬ್ಬರು ಎರಡು ಬದಿಗಳಲ್ಲಿ ನಿಂತು ಒಂದೇ ಲಯದಲ್ಲಿ ಕೈ ಆಡಿಸುತ್ತಾರೆ. ಸುಶ್ರುತಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣನು ಎಣ್ಣೆಯು ರೋಮಮೂಲವನ್ನು ತಲುಪಲು 300 ಮಾತ್ರೆಗಳ ಕಾಲ, ಹಾಗೆಯೇ ಒಳಒಳಗೆ ಇಳಿದು ಮಜ್ಜೆಯನ್ನು ಮುಟ್ಟಲು 900 ಮಾತ್ರೆಗಳ ಕಾಲ ಬೇಕೆಂದು ಲೆಕ್ಕ ಕೊಡುತ್ತಾನೆ. 900 ಮಾತ್ರೆಗಳೆಂದರೆ ಸುಮಾರು ಐದು ನಿಮಿಷವೆಂದು ಇಂದಿನ ವೈದ್ಯರು ಎಣಿಸುತ್ತಾರೆ. ಒಂದು ಭಂಗಿಗೆ ಐದು ನಿಮಿಷವೆಂಬ ರೂಢಿಯು ಇದಕ್ಕೆ ಹೊಂದುತ್ತದೆ. ಚರ್ಮದ ಮೇಲೆ ತಿಕ್ಕಿದ ಎಣ್ಣೆಯು ಮಜ್ಜೆಯವರೆಗೆ ಇಳಿಯುತ್ತದೆಂಬುದನ್ನು ಇಂದಿನ ಶರೀರವಿಜ್ಞಾನವು ಒಪ್ಪುವುದಿಲ್ಲ. ಅದು ಬಹುಮಟ್ಟಿಗೆ ಚರ್ಮದ ಹೊರಪದರದಲ್ಲಿಯೇ ನಿಲ್ಲುತ್ತದೆ. ಸ್ನಾಯುಗಳ ಬಿಗಿ ಸಡಿಲವಾಗುವುದು, ಒಣ ಚರ್ಮವು ಮೃದುವಾಗುವುದು, ನೋವು ಕೆಲಕಾಲ ಇಳಿಯುವುದು, ಮನಸ್ಸು ಶಾಂತವಾಗುವುದು, ಇವು ಬೆಚ್ಚನೆಯ ಕೈಯ ಫಲಗಳು. ನಮ್ಮ ಮಟ್ಟಿಗೆ ಇಷ್ಟೇ ಸಾಕು. 'ದೇಹದ ವಿಷವೆಲ್ಲ ಹೊರಹೋಗುತ್ತದೆ', 'ಸಕ್ಕರೆ ಕಾಯಿಲೆ ಗುಣವಾಗುತ್ತದೆ' ಎಂದು ಯಾರಾದರೂ ಮಾತ್ರೆ ಬಿಡಿಸಹೊರಟರೆ ಅಂಥವರಿಂದ ದೂರವಿರುವುದು ಲೇಸು.

ಕೈ ಓಡಿಸುವ ಬಗೆ ಸುಲಭ. ಕೈಕಾಲುಗಳ ನೀಳ ಭಾಗದಲ್ಲಿ ಉದ್ದಕ್ಕೆ, ಮಂಡಿ, ಮೊಣಕೈ, ಭುಜಗಳ ಕೀಲುಗಳಲ್ಲಿ ದುಂಡಗೆ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹಗುರವಾಗಿ. ಎಣ್ಣೆಯ ಬಟ್ಟಲನ್ನು ನೇರವಾಗಿ ಒಲೆಯ ಮೇಲಿಡಬಾರದು. ಬಿಸಿನೀರಿನ ಪಾತ್ರೆಯಲ್ಲಿರಿಸಿ ಬೆಚ್ಚಗೆ ಮಾಡಬೇಕು. ಮನೆಯ ಬಳಕೆಗೆ ಗಾಣದ ಎಳ್ಳೆಣ್ಣೆ ಇಲ್ಲವೆ ಕೊಬ್ಬರಿ ಎಣ್ಣೆ ಸಾಕು. ಕ್ಷೀರಬಲಾ, ಧನ್ವಂತರ, ಮಹಾನಾರಾಯಣ ಮೊದಲಾದ ತೈಲಗಳನ್ನು ವೈದ್ಯರ ಮಾತಿನಂತೆ ಬಳಸಬೇಕು. ಅವುಗಳ ಬೆಲೆ ಹೆಚ್ಚೆಂದು ಗೊಣಗುವವರು ತಯಾರಿಕೆಯನ್ನೂ ತಿಳಿಯಬೇಕು: ಸಾಮಾನ್ಯ ನಿಯಮದಂತೆ ಒಂದು ಪಾಲು ಅರೆದ ಮೂಲಿಕೆಗೆ ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ಕಷಾಯ ಅಥವಾ ಹಾಲು. ನೀರಿನಂಶವೆಲ್ಲ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೂಲಿಕೆಯ ಮುದ್ದೆಯು ಬೆರಳುಗಳ ನಡುವೆ ಬತ್ತಿಯಂತೆ ಹೊಸೆಯಲು ಬಂದು, ಬೆಂಕಿಗೆ ಹಾಕಿದಾಗ ಚಟಚಟ ಎನ್ನದಿದ್ದರೆ ಪಾಕ ಸರಿಯಾಯಿತೆಂದು ಲೆಕ್ಕ.

ನಮ್ಮ ರೂಢಿಯಲ್ಲಿ ಶಾಸ್ತ್ರಕ್ಕೆ ವಿರುದ್ಧವಾದ ಒಂದು ಅಂಶವೂ ಸೇರಿಕೊಂಡಿದೆ. ಹಂಡೆಯ ಕುದಿವ ನೀರನ್ನು ತಲೆಯ ಮೇಲೆ ದಬದಬನೆ ಸುರಿದರೆ ಮಾತ್ರ ಎಣ್ಣೆಸ್ನಾನ ಸಾರ್ಥಕವೆಂದು ಹಲವರ ಭಾವನೆ. ವಾಗ್ಭಟನಾದರೋ ಬಿಸಿನೀರು ಕುತ್ತಿಗೆಯ ಕೆಳಗೆ ಬಲಕಾರಿ, ತಲೆಯ ಮೇಲೆ ಕಣ್ಣು-ಕೂದಲುಗಳಿಗೆ ಹಾನಿಕರ ಎನ್ನುತ್ತಾನೆ.

ಹಿರಿಯರು, ಬಾಣಂತಿ, ಕೂಸು

ಜ್ವರ ಬಂದಾಗ, ಅಜೀರ್ಣವಾದಾಗ ಎಣ್ಣೆ ಮುಟ್ಟಬಾರದೆಂದು ಪ್ರಾಚೀನರೇ ನಿಷೇಧಿಸಿದ್ದಾರೆ. ಅದಕ್ಕೆ ಇಂದಿನ ವೈದ್ಯರ ಮಾತನ್ನೂ ಸೇರಿಸಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಭವವುಂಟು. ಅದನ್ನು ತಿಕ್ಕುವುದು ಪ್ರಾಣಾಪಾಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗಾಯ, ಹುಣ್ಣು, ಹೊಸದಾಗಿ ಮುರಿದ ಮೂಳೆಯ ಮೇಲೆಯೂ ಒತ್ತಬಾರದು.

ಸಕ್ಕರೆ ಕಾಯಿಲೆಯ ಹಿರಿಯರ ಪಾದಗಳಿಗೆ ಹಲವೊಮ್ಮೆ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಎಣ್ಣೆ ಸುಟ್ಟರೂ ಅವರಿಗೆ ತಿಳಿಯದು. ಆದ್ದರಿಂದ ಬಿಸಿಯನ್ನು ಹಚ್ಚುವವರೇ ತಮ್ಮ ಮೊಣಕೈಯಿಂದ ಪರೀಕ್ಷಿಸಬೇಕು. ಇದರಲ್ಲಿ ಒಂದು ದೊಡ್ಡ ಲಾಭವೂ ಇದೆ. ವಾರಕ್ಕೊಮ್ಮೆ ತಂದೆಯ ಅಂಗಾಲಿಗೆ ಎಣ್ಣೆ ಹಚ್ಚುವ ಮಗನು, ತಂದೆಗೇ ಗೊತ್ತಿಲ್ಲದ ಗಾಯವನ್ನು ಮೊದಲು ಕಾಣುತ್ತಾನೆ. ಬೆರಳುಗಳ ಸಂದಿಯ ಬಿರುಕು, ಹಿಮ್ಮಡಿಯ ಹುಣ್ಣು ಅವನ ಕಣ್ಣಿಗೆ ಬೀಳುತ್ತದೆ. ಕಾಲನ್ನು ಕಳೆದುಕೊಳ್ಳುವಂತಹ ಅನಾಹುತವು ಹೀಗೆ ತಪ್ಪಿದರೆ ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇರೆ ಯಾವುದು? ಮಗನು ಎಂದೇ ನಾವು ಬೇಕೆಂದು ಬರೆದಿದ್ದೇವೆ. ನೀರು ಕಾಯಿಸುವುದು, ಎಣ್ಣೆ ಹಚ್ಚುವುದು, ಬೆನ್ನು ತಿಕ್ಕುವುದು, ಜಿಡ್ಡಿನ ಬಚ್ಚಲು ತೊಳೆಯುವುದು, ಇವೆಲ್ಲ ಸೊಸೆಯ ಪಾಲಿಗೇ ಬರಬೇಕೆಂದರೆ ಉದ್ಯೋಗಸ್ಥರಿರುವ ಇಂದಿನ ಮನೆಯಲ್ಲಿ ಅಭ್ಯಂಗವು ಉಳಿಯುವುದಿಲ್ಲ. ಉಳಿಯದಿದ್ದುದಕ್ಕೆ ಇದೇ ಮುಖ್ಯ ಕಾರಣವೆಂದೂ ನಮಗೆ ತೋರುತ್ತದೆ.

ಫ್ಲ್ಯಾಟುಗಳ ನುಣುಪು ಟೈಲ್ಸು ಎಣ್ಣೆಕಾಲಿಗೆ ಶತ್ರು. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಾಲಿಗೆ ಕೊನೆಯಲ್ಲಿ ಹಚ್ಚಿ, ಚೆನ್ನಾಗಿ ಒರೆಸಿದ ಮೇಲೆಯೇ ನಡೆಸಬೇಕು. ಗ್ಯಾಸ್ ಗೀಸರ್ ಇರುವ ಮನೆಯವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಎಣ್ಣೆಸ್ನಾನಕ್ಕೆ ಹೊತ್ತು ಹಿಡಿಯುತ್ತದೆ. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗೀಸರ್ ಉರಿಯುತ್ತಲೇ ಇದ್ದರೆ ಬಣ್ಣ-ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಒಳಗಿದ್ದವರು ಪ್ರಜ್ಞೆ ತಪ್ಪುತ್ತಾರೆ. ಬೆಂಗಳೂರಿನಲ್ಲಿ ಇಂಥ ಸಾವುಗಳು ಮೇಲಿಂದ ಮೇಲೆ ವರದಿಯಾಗಿವೆ. ಬಾಣಂತಿಯ ಕೋಣೆಯ ಕಿಟಕಿ-ಬಾಗಿಲು ಮುಚ್ಚಿ ಕೆಂಡದ ಮೇಲೆ ಸಾಂಬ್ರಾಣಿ ಹಾಕುವುದರಲ್ಲಿಯೂ ಇದೇ ಅಪಾಯವಿದೆ. ಹಳೆಯ ಬಚ್ಚಲುಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿತ್ತು. ಇಂದಿನ ಕೋಣೆಗಳಲ್ಲಿ ಅದಿಲ್ಲ.

ಕೂಸಿಗೆ ಎಣ್ಣೆ ಹಚ್ಚುವುದು ಒಳ್ಳೆಯದೇ. ತೂಕ ಕಡಿಮೆಯಿರುವ ಅಥವಾ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಗೆ ಎಣ್ಣೆ ಸವರುವುದನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಿದೆ. ಆದರೆ ಮೂಗಿಗೆ ಎಣ್ಣೆ ಬಿಡುವ ಅಭ್ಯಾಸವನ್ನು ಅಜ್ಜಿಯಂದಿರು ದಯವಿಟ್ಟು ಕೈಬಿಡಬೇಕು. ಎಣ್ಣೆಯು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಮೂಗನ್ನು ಒತ್ತಿ ಉದ್ದ ಮಾಡುವುದು, ತಲೆಯನ್ನು ಒತ್ತಿ ದುಂಡಗೆ ಮಾಡುವುದು, ಕಾಲು ಹಿಡಿದು ತಲೆಕೆಳಗಾಗಿ ಆಡಿಸುವುದು ಸಹ ಬೇಡ.

ನೀರಿನ ಮಾತನ್ನೂ ಆಡಲೇಬೇಕು. 2024ರ ಬೇಸಿಗೆಯಲ್ಲಿ ನಗರದ ಹೊರವಲಯದ ಬಡಾವಣೆಗಳು ಟ್ಯಾಂಕರಿಗೆ ಕಾದು ಕುಳಿತದ್ದನ್ನು ಯಾರೂ ಮರೆತಿಲ್ಲ. ಹಂಡೆಗಟ್ಟಲೆ ನೀರು ಸುರಿಯದೆಯೂ ಅಭ್ಯಂಗ ಸಾಧ್ಯ. ಹೆಚ್ಚಿನ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಒರೆಸಿ, ಹೆಸರುಹಿಟ್ಟು ಅಥವಾ ಕಡಲೆಹಿಟ್ಟಿನಿಂದ ಮೈ ಉಜ್ಜಿ, ತಲೆಗೆ ಸೀಗೆಪುಡಿ ಹಾಕಿದರೆ ಎರಡು ಬಕೆಟ್ಟು ನೀರು ಸಾಕು; ಚರಂಡಿಯೂ ಕಟ್ಟಿಕೊಳ್ಳುವುದಿಲ್ಲ.

ಮನೆಯಲ್ಲಿ ನೀಗದ ಸಂದರ್ಭಗಳೂ ಉಂಟೆಂಬುದನ್ನು ನಾವು ಬಲ್ಲೆವು. ಪಾರ್ಶ್ವವಾಯು, ತೀವ್ರ ಸಂಧಿವಾತ, ಪಂಚಕರ್ಮದ ಪೂರ್ವಸಿದ್ಧತೆಗಳಿಗೆ ವೈದ್ಯರ ನಿಗಾ ಬೇಕು. ಕೇಂದ್ರಕ್ಕೆ ಹೋಗುವವರು ಮೊದಲು ಕೇಳಬೇಕಾದುದು ದರವನ್ನಲ್ಲ. ನೋಂದಾಯಿತ ಆಯುರ್ವೇದ ವೈದ್ಯರು ನಾಡಿ, ರಕ್ತದೊತ್ತಡ ನೋಡಿ ನಿರ್ಧರಿಸುತ್ತಾರೆಯೇ, ಹೆಂಗಸರಿಗೆ ಹೆಂಗಸರೇ ಇದ್ದಾರೆಯೇ, ಒಬ್ಬರಿಗೆ ಬಳಸಿ ಉಳಿದ ಎಣ್ಣೆಯನ್ನು ಮತ್ತೊಬ್ಬರಿಗೆ ಹಚ್ಚುವುದಿಲ್ಲವೆಂಬ ಭರವಸೆ ಇದೆಯೇ ಎಂಬುದನ್ನು. ಕನಕಪುರ ರಸ್ತೆಯಲ್ಲಿಯೇ ಆರ್ಟ್ ಆಫ್ ಲಿವಿಂಗ್ ಆಶ್ರಮದ ಬಳಿ ಆಯುರ್ವೇದ ಕಾಲೇಜು, ಆಸ್ಪತ್ರೆಗಳಿವೆ. ಖರ್ಚಿಗೆ ಅಂಜುವವರು ತಲಘಟ್ಟಪುರದಲ್ಲಿ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಮೆಜೆಸ್ಟಿಕ್ ತಲುಪಬಹುದು; ಅಲ್ಲಿಗೆ ಸಮೀಪದ ಧನ್ವಂತರಿ ರಸ್ತೆಯಲ್ಲಿ ಸರ್ಕಾರದ ಶ್ರೀ ಜಯಚಾಮರಾಜೇಂದ್ರ ಆಯುರ್ವೇದ ಆಸ್ಪತ್ರೆ ಇದೆ. ಹೋಗುವಾಗ ಆಧಾರ್ ಚೀಟಿ, ಈಗ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಮತ್ತು ಎಣ್ಣೆ ತಗುಲಿದರೂ ಚಿಂತೆಯಿಲ್ಲದ ಒಂದು ಜೊತೆ ಹಳೆಯ ಬಟ್ಟೆಯನ್ನು ಕೈಯಲ್ಲಿಟ್ಟುಕೊಂಡಿರಬೇಕು.