ಮುಳುಗುವ ವಿದ್ಯೆಯಲ್ಲಿ ಶಿಸ್ತು

ಚಿಂಚೋಳಿ ತಾಲೂಕಿನ ಐನಾಪುರದಿಂದ ಕಡಲು ಬಹು ದೂರವಿರುವುದು. ತೊಗರಿಯ ಹೊಲಗಳ ನಡುವಣ ಬಾವಿ, ತಾಲೂಕಿನಲ್ಲಿ ಹರಿಯುವ ಮುಲ್ಲಾಮಾರಿ ಹೊಳೆ, ಚಂದ್ರಂಪಳ್ಳಿಯ ಜಲಾಶಯ, ಇವೇ ಆ ಸೀಮೆಯ ಮಕ್ಕಳು ಕಂಡ ನೀರು. ಮೈಗೆ ಬೆಂಡು ಕಟ್ಟಿಕೊಂಡು, ದಂಡೆಯ ಮೇಲೆ ಕಾಕನನ್ನೋ ಅಣ್ಣನನ್ನೋ ನಿಲ್ಲಿಸಿಕೊಂಡು ಬಾವಿಯಲ್ಲಿ ಈಜು ಕಲಿಯುವುದು ನಮ್ಮ ಒಳನಾಡಿನ ಹಳೆಯ ರೂಢಿ. ಬೆಂಡಿಲ್ಲದೆ ಇಳಿಯಕೂಡದು, ಒಬ್ಬನೇ ಇಳಿಯಕೂಡದು ಎಂಬ ಎರಡು ಕಟ್ಟಳೆಗಳನ್ನು ಓದುಬರಹ ಬಾರದ ಹಿರಿಯರೂ ಮಕ್ಕಳಿಗೆ ಕಲಿಸುತ್ತ ಬಂದಿರುವರು. ಇಂದು ನಾವು ಹೇಳಹೊರಟಿರುವ ವಿದ್ಯೆಯ ಮರ್ಮವೆಲ್ಲವೂ ಈ ಎರಡು ಕಟ್ಟಳೆಗಳಲ್ಲಿಯೇ ಅಡಗಿರುವುದು.

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಕಡಲಿನ ನಡುವೆ ನೇತ್ರಾಣಿ ಎಂಬ ನಡುಗಡ್ಡೆಯುಂಟು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಅಲ್ಲಿ ಮುಳುಗುವವರು ಬರುವರು. ಇದಕ್ಕೆ ಸ್ಕೂಬಾ ಎಂದು ಹೆಸರು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ಅಲ್ಲಿಯ ನೀರಿಗಿಳಿದುದನ್ನು ಕಂಡ ಮೇಲೆ, ಕಡಲನ್ನೇ ಕಾಣದ ಊರುಗಳ ತರುಣ ತರುಣಿಯರಿಗೂ ಆ ಹಂಬಲ ಹುಟ್ಟಿದರೆ ಆಶ್ಚರ್ಯವಿಲ್ಲ.

ಐನಾಪುರದ ತರುಣನೊಬ್ಬನು ಹಾಗೆ ಹೋಗಿ, ಶಿಕ್ಷಕನ ಕೈಹಿಡಿದು ಒಮ್ಮೆ ಮುಳುಗಿ, ಬಣ್ಣದ ಮೀನುಗಳನ್ನು ಕಂಡು ಮರಳಿದನೆಂದು ಭಾವಿಸೋಣ. ಅಷ್ಟರಿಂದ ಅವನು ಮುಳುಗುಗಾರನಾಗಲಿಲ್ಲ, ನೋಟಗಾರನಾದನು. ಇನ್ನು ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆಂದು ಮನಸ್ಸು ಮಾಡಿದರೆ ಅವನು ಕೇಳುವ ಮೊದಲನೆಯ ಪ್ರಶ್ನೆ, ‘ಯಾವ ಸಾಮಾನು ಕೊಳ್ಳಲಿ?’ ಎಂಬುದು. ಮೊದಲು ಕೇಳತಕ್ಕದ್ದು ಅದಲ್ಲ. ನೀರು ನಮ್ಮ ದೇಹಕ್ಕೆ ಏನು ಮಾಡುವುದೆಂಬುದನ್ನು ಅರಿಯದವನಿಗೆ ಸಾಮಾನಿನಿಂದ ಫಲವಿಲ್ಲ.

1943ರಲ್ಲಿ ಫ್ರಾನ್ಸ್ ದೇಶದ ಝಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ಎಂಬವರು, ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿಯನ್ನು ಕೊಡುವ ಯಂತ್ರವನ್ನು ರೂಪಿಸಿದರು. ಇದೇ ಇಂದಿನ ರೆಗ್ಯುಲೇಟರಿನ ಮೂಲ. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುವುದು. ಈ ಯಂತ್ರವು ಆ ಒತ್ತಡಕ್ಕೆ ಸರಿಯಾಗಿಯೇ ಗಾಳಿಯನ್ನು ಕೊಡುವುದು. 10 ಮೀಟರ್ ಆಳದಲ್ಲಿ ಎದೆತುಂಬ ಎಳೆದ ಉಸಿರು, ಮೇಲಕ್ಕೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗಬಯಸುವುದು. ಅಂಜಿ ಉಸಿರು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶವು ಹರಿಯಬಹುದು. ಆದುದರಿಂದಲೇ ‘ಉಸಿರನ್ನು ಎಂದೂ ಹಿಡಿಯಕೂಡದು’ ಎಂಬುದು ಈ ವಿದ್ಯೆಯ ಮೊದಲ ಪಾಠ.

ಎರಡನೆಯದು ಸಾರಜನಕದ ಮಾತು. ಒತ್ತಡದಲ್ಲಿ ಅದು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿರುವುದು. ಸೋಡಾ ಬಾಟಲಿಯ ಮುಚ್ಚಳವನ್ನು ಥಟ್ಟನೆ ತೆಗೆದರೆ ನೊರೆಯುಕ್ಕುವಂತೆ, ಅವಸರದಿಂದ ಮೇಲೇರಿದವನ ಮೈಯೊಳಗೆ ಗುಳ್ಳೆಗಳೆದ್ದು ಕೀಲುನೋವು, ಕೆಲವೊಮ್ಮೆ ಪಾರ್ಶ್ವವಾಯು ತಗಲುವುದುಂಟು. ಬ್ರಿಟನ್ನಿನ ಹಾಲ್ಡೇನ್ ಎಂಬ ವಿಜ್ಞಾನಿಯು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದನು. ಇಂದಿನ ಶಿಕ್ಷಣದಲ್ಲಿ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಲಾಗದೆಂದೂ, 5 ಮೀಟರ್ ಆಳದಲ್ಲಿ 3 ನಿಮಿಷ ತಂಗಬೇಕೆಂದೂ ಕಲಿಸುವರು.

ಇಷ್ಟು ತಿಳಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ನೆಲದ ಮೇಲೆ ಕಷ್ಟ ಬಂದರೆ ನಾವು ಓಡುವೆವು. ನೀರಿನೊಳಗೆ ಓಡಿದವನೇ ಕೆಡುವನು. ಹಾಗಾದರೆ ಆಪತ್ತಿಗೆ ಅಲ್ಲಿಯೇ, ಆಳದಲ್ಲಿಯೇ, ಶಾಂತಚಿತ್ತದಿಂದ ಪರಿಹಾರ ಕಾಣಬೇಕಾಗುವುದು. ಶಿಸ್ತಿನ ಅವಶ್ಯಕತೆ ಇರುವುದು ಇಲ್ಲಿಯೇ.

ಈ ಶಿಸ್ತನ್ನು ಹೆಚ್ಚು ಕಟ್ಟುನಿಟ್ಟಾಗಿ ಬೆಳೆಸಿದವರು ಅಮೇರಿಕೆಯ ಫ್ಲಾರಿಡಾ ಪ್ರಾಂತದ ನೀರುಗವಿಗಳಲ್ಲಿ ಮುಳುಗುವವರು. ತಲೆಯ ಮೇಲೆ ಬಂಡೆಯಿರುವುದರಿಂದ ಅಲ್ಲಿ ನೆಟ್ಟಗೆ ಮೇಲೇಳುವ ದಾರಿಯೇ ಇಲ್ಲ. ಶೆಕ್ ಎಕ್ಸ್‌ಲಿ ಎಂಬವರು ಅಲ್ಲಿ ಸತ್ತವರ ವೃತ್ತಾಂತಗಳನ್ನು ಪರಿಶೀಲಿಸಿ, 1979ರಲ್ಲಿ ಪುಸ್ತಕವೊಂದನ್ನು ಬರೆದರು. ಹೊರಗಿನವರೆಗೆ ಕಡಿಯದ ಹಗ್ಗವಿಲ್ಲದಿರುವುದು, ಗಾಳಿಯ ಮೂರರಲ್ಲಿ ಎರಡು ಪಾಲನ್ನು ಮರಳುವಿಕೆಗೆ ಉಳಿಸದಿರುವುದು, ಮಿತಿಮೀರಿದ ಆಳಕ್ಕಿಳಿಯುವುದು, ಈ ಮೂರೇ ತಪ್ಪುಗಳು ಮತ್ತೆ ಮತ್ತೆ ಕಂಡುವೆಂದು ಅವರು ತೋರಿಸಿದರು. ಅಂತಹ ನಿಪುಣರೇ 1994ರಲ್ಲಿ ಮೆಕ್ಸಿಕೋ ದೇಶದ ಅತ್ಯಂತ ಆಳದ ಮಡುವೊಂದರಲ್ಲಿ ಮಡಿದರೆಂಬುದು, ಆಳವು ಯಾರ ಅನುಭವಕ್ಕೂ ರಿಯಾಯಿತಿ ತೋರದೆಂಬುದಕ್ಕೆ ಸಾಕ್ಷಿ.

ಅದೇ ಫ್ಲಾರಿಡಾದ ವಿಲಿಯಂ ಹೊಗಾರ್ತ್ ಮೇನ್ ಎಂಬವರು ಸಾಮಾನಿನ ವಿಷಯದಲ್ಲಿ ಒಂದು ಸರಳ ಪದ್ಧತಿಯನ್ನು ಆಚರಣೆಗೆ ತಂದರು. ವುಡ್‌ವಿಲ್ ಎಂಬಲ್ಲಿಯ ಗವಿಗಳನ್ನು ಅಳೆಯುತ್ತಿದ್ದ ತಂಡವು ಅದನ್ನು ನಿಯಮವಾಗಿಯೇ ಕಟ್ಟಿತು. ಆ ತಂಡದ ಜ್ಯಾರಡ್ ಜಬ್ಲಾನ್ಸ್ಕಿ ಎಂಬವರು 1998ರಲ್ಲಿ ಸ್ಥಾಪಿಸಿದ ಸಂಸ್ಥೆಯು ಅದನ್ನು ದೇಶದೇಶಗಳಲ್ಲಿ ಕಲಿಸುತ್ತಲಿದೆ. ಅದರ ಸಾರವನ್ನು ನಮ್ಮ ಗೃಹಿಣಿಯರು ಬೇಗನೆ ಗ್ರಹಿಸುವರು. ಅಡಿಗೆಮನೆಯಲ್ಲಿ ಉಪ್ಪಿನ ಭರಣಿಯು ದಿನವೂ ಒಂದೇ ಕಡೆ ಇದ್ದರೆ ಕತ್ತಲೆಯಲ್ಲಿಯೂ ಕೈಗೆ ಸಿಗುವುದಷ್ಟೆ? ಅದರಂತೆಯೇ ಬೇಡದ ವಸ್ತುವನ್ನು ಒಯ್ಯಲಾಗದು, ಬೇಕಾದ ಪ್ರತಿಯೊಂದಕ್ಕೂ ಒಂದೇ ನಿಶ್ಚಿತ ಸ್ಥಾನವಿರತಕ್ಕದ್ದು, ಯಾವುದೂ ಜೋತಾಡಕೂಡದು, ಜೊತೆಗಾರರೆಲ್ಲರ ಸಾಮಾನೂ ಒಂದೇ ಬಗೆಯಲ್ಲಿ ಹೊಂದಿಸಿರತಕ್ಕದ್ದು.

ಕೊನೆಯ ಈ ನಿಯಮವು ಮೇಲ್ನೋಟಕ್ಕೆ ಹಟದಂತೆ ಕಂಡರೂ ಅದರಲ್ಲಿ ಪ್ರಾಣರಕ್ಷಣೆಯ ಉಪಾಯವಿದೆ. ಗಾಳಿ ತೀರಿದ ಜೊತೆಗಾರನು ಗಾಬರಿಯಿಂದ ಹುಡುಕುವುದು ಎದುರಿಗೆ ಕಾಣುವ ಗಾಳಿಯನ್ನು, ಎಂದರೆ ನಮ್ಮ ಬಾಯಲ್ಲಿರುವುದನ್ನು. ಆದುದರಿಂದ ಈ ಪದ್ಧತಿಯವರು ಬಾಯಲ್ಲಿರುವ ರೆಗ್ಯುಲೇಟರನ್ನೇ ಅವನಿಗೆ ಕೊಟ್ಟು, ಗಲ್ಲದ ಕೆಳಗೆ ಕೊರಳಿಗೆ ಕಟ್ಟಿಕೊಂಡಿರುವ ಎರಡನೆಯದರಿಂದ ತಾವು ಉಸಿರಾಡುವರು. ಕೊಡುವ ನಳಿಗೆಯು ಏಳು ಅಡಿ ಉದ್ದವಿರುವುದರಿಂದ, ಇಕ್ಕಟ್ಟಿನ ದಾರಿಯಲ್ಲಿಯೂ ಒಬ್ಬರ ಹಿಂದೊಬ್ಬರು ಸಾಗಬಹುದು. ಕೊಟ್ಟ ಗಾಳಿಯು ಒಳ್ಳೆಯದೇ ಎಂಬುದರಲ್ಲಿ ಸಂದೇಹವಿಲ್ಲ; ಕೊಡುವವನು ಆ ಕ್ಷಣದವರೆಗೆ ಅದನ್ನೇ ಉಸಿರಾಡುತ್ತಿದ್ದನಲ್ಲವೆ!

ಇನ್ನು ಗಾಳಿಯ ಲೆಕ್ಕ. ಮನೆಯ ಖರ್ಚುವೆಚ್ಚ ಬರೆಯುವವರಿಗೆ ಇದು ಕಠಿಣವಲ್ಲ. ಸಿಲಿಂಡರು 11 ಲೀಟರಿನದೆಂದೂ, ತುಂಬಿದಾಗ ಒತ್ತಡವು 200 ಬಾರ್ ಇರುವುದೆಂದೂ ಹಿಡಿಯೋಣ. ಅದರಲ್ಲಿ ಸುಮಾರು 2,200 ಲೀಟರ್ ಗಾಳಿಯಿರುವುದು. 20 ಮೀಟರ್ ಆಳದಲ್ಲಿ ಜೊತೆಗಾರನ ಗಾಳಿ ಒಮ್ಮೆಗೇ ನಿಂತಿತು. ಅಂಜಿದವರಿಬ್ಬರೂ ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರಿನಂತೆ ಉಸಿರಾಡುವರೆಂದರೆ ಒಟ್ಟು 60. ಆ ಆಳದಲ್ಲಿ ಅದರ ಮೂರು ಪಟ್ಟು, 180. ಪರಸ್ಪರ ಸಾವರಿಸಿಕೊಳ್ಳಲಿಕ್ಕೆ ಒಂದು ನಿಮಿಷವಾದರೆ 180 ಲೀಟರ್, ಮೇಲೇರುವ ಎರಡು ಮೂರು ನಿಮಿಷಗಳಿಗೆ ಕಡಿಮೆಯೆಂದರೆ 240, ತಂಗುವ 3 ನಿಮಿಷಗಳಿಗೆ 270. ಒಟ್ಟು 690 ಲೀಟರ್, ಎಂದರೆ 60 ಬಾರಿಗಿಂತ ಹೆಚ್ಚು. ಅಷ್ಟು ಗಾಳಿಯು ನನ್ನ ಬೆನ್ನ ಮೇಲಿದ್ದರೂ ನನ್ನದಲ್ಲ, ಅದು ಜೊತೆಗಾರನ ಪ್ರಾಣದ ಠೇವಣಿ. ಇನ್ನೊಂದು ಮೀನು ನೋಡುವ ಆಶೆಯಿಂದ ಅದನ್ನು ಖರ್ಚುಮಾಡುವವನು ಪರರ ಸ್ವತ್ತನ್ನು ಕದ್ದಂತೆಯೇ ಸರಿ.

ಸಾಮಾನಿನಷ್ಟೇ ಮುಖ್ಯವಾದದ್ದು ಮೈಯ ಹತೋಟಿ. ಕಲಿತವನು ಏಳದೆ ಮುಳುಗದೆ, ಹಾಸಿಗೆಯ ಮೇಲೆ ಬೋರಲಾಗಿ ಮಲಗಿದಂತೆ ನೀರಿನಲ್ಲಿ ನಿಶ್ಚಲನಾಗಿರುವನು. ಕಪ್ಪೆಯಂತೆ ಕಾಲುಗಳನ್ನು ಮೆಲ್ಲನೆ ಒತ್ತಿ ಸಾಗುವನು. ಕಲಿಯದವನು ಬೇಕಾದುದಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಂಡು, ಕೈಕಾಲು ಬಡಿದು, ತಳದ ಕೆಸರೆಬ್ಬಿಸಿ, ಎಷ್ಟೋ ವರ್ಷಗಳಲ್ಲಿ ಬೆಳೆದ ಹವಳವನ್ನು ಕ್ಷಣದಲ್ಲಿ ಮುರಿದು, ದುಪ್ಪಟ್ಟು ಗಾಳಿಯನ್ನು ತೀರಿಸುವನು. ಈ ಹತೋಟಿಯು ಅಂಗಡಿಯಲ್ಲಿ ದೊರೆಯದು. ಅಭ್ಯಾಸದಿಂದ ಮಾತ್ರ ಸಾಧ್ಯ.

ಆದರೆ ಇಲ್ಲಿ ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಬೇಕಾಗಿದೆ. ಈ ಪದ್ಧತಿಯ ಅಭಿಮಾನಿಗಳಲ್ಲಿ ಕೆಲವರು ತಮ್ಮದೊಂದೇ ಸರಿಯಾದ ಮಾರ್ಗವೆಂದು ಉಳಿದವರನ್ನು ಜರೆದುದುಂಟು. ಗವಿಗೆ ಬೇಕಾದ ಏಳಡಿಯ ನಳಿಗೆಯು ನೇತ್ರಾಣಿಯ ತೆರೆದ ನೀರಿಗೆ ಬೇಕೇ ಬೇಕೆಂದಿಲ್ಲ. ಕಲಿಯದೆ ಕಟ್ಟಿಕೊಂಡರೆ ಅದೇ ತೊಡಕಾದೀತು. ನಿಯಮದ ಹಿಂದಿನ ಕಾರಣವನ್ನು ಅರಿತು ಪಾಲಿಸುವುದು ಶಿಸ್ತು. ಕಾರಣವನ್ನರಿಯದೆ ವೇಷವನ್ನು ಮಾತ್ರ ಧರಿಸುವುದು ಡಂಭ.

‘ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು’ ಎಂದು ನಮ್ಮಲ್ಲೊಂದು ಗಾದೆಯುಂಟು. ಸಂಸಾರದಲ್ಲಿ ಅದು ಒಳ್ಳೆಯ ಮಾತೇ. ಮುಳುಗುಗಾರನಿಗೆ ಮಾತ್ರ ಸಲ್ಲದು. ನೀರೊಳಗೆ ಹೆಬ್ಬೆರಳನ್ನು ಮೇಲೆತ್ತಿದರೆ ‘ಭೇಷ್’ ಎಂದರ್ಥವಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಅದನ್ನು ತೋರಿಸಬಹುದು. ಉಳಿದವರು ಮರುಮಾತಿಲ್ಲದೆ ಮರಳತಕ್ಕದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಲಾರಿಯೊಂದು ಗಂಗಾವಳಿ ಹೊಳೆಯ ಪಾಲಾಯಿತು. ನೌಕಾದಳದ ಪಳಗಿದ ಮುಳುಗುಗಾರರು ಬಂದಿದ್ದರೂ, ಸೆಳೆತದ ದೆಸೆಯಿಂದ ಶೋಧವನ್ನು ನಿಲ್ಲಿಸಬೇಕಾಯಿತು. ಹೂಳೆತ್ತುವ ಯಂತ್ರವನ್ನು ತಂದ ಮೇಲೆ, ಸೆಪ್ಟೆಂಬರ್ 25ರಂದು ಲಾರಿ ದೊರೆಯಿತು. ಕಾದ ಮನೆಯವರ ಸಂಕಟ ಸಣ್ಣದಲ್ಲ. ಆದರೂ ಆ ಸೆಳೆತಕ್ಕೆ ಇನ್ನೊಂದು ಜೀವವನ್ನು ಒಡ್ಡದಿದ್ದುದೂ ಈ ವಿದ್ಯೆಯ ಭಾಗವೇ ಸರಿ.

ಹೊಸಬನು ಮೊದಲು ಕೊಳ್ಳತಕ್ಕದ್ದು ಮುಖಕ್ಕೊಪ್ಪುವ ಮಾಸ್ಕನ್ನು ಮಾತ್ರ. ಪಟ್ಟಿಯನ್ನು ಕಟ್ಟದೆ ಮುಖಕ್ಕೆ ಹಚ್ಚಿ ಮೂಗಿನಿಂದ ಉಸಿರೆಳೆದಾಗ ಅದು ಅಂಟಿ ನಿಂತರೆ ಸರಿಯಾದದ್ದು. ಉಳಿದುದನ್ನು ಬಾಡಿಗೆಗೆ ಪಡೆದು, ಬಳಸಿ, ಕಾರಣ ತಿಳಿದ ಮೇಲೆ ಒಂದೊಂದಾಗಿ ಕೊಳ್ಳಲಿ. ಉಬ್ಬಸ, ಹೃದಯದ ಬೇನೆ, ಕಿವಿಯ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಕೂಡದು. ನೆಗಡಿಯಾದ ದಿನ ಯಾರೂ ಇಳಿಯಲಾಗದು. ಶಹಾಬಾದ, ವಾಡಿಗಳ ಕಡೆ ಹಳೆಯ ಕಲ್ಲುಗಣಿಯ ತಗ್ಗುಗಳಲ್ಲಿ ನಿಂತ ನೀರನ್ನು ಕಂಡು ಅಲ್ಲಿಯೇ ಅಭ್ಯಾಸ ಮಾಡುವೆನೆಂಬ ಸಾಹಸವಂತೂ ಬೇಡವೇ ಬೇಡ.

ಮಕ್ಕಳು ಇಂತಹ ಹವ್ಯಾಸಕ್ಕೆ ಹೊರಟಾಗ ಬೇಡವೆಂದು ಕಟ್ಟಿಹಾಕುವುದಕ್ಕಿಂತ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು: ನಿನ್ನ ಜೊತೆಗಾರನು ಯಾರು? ಎಷ್ಟು ಗಾಳಿ ಉಳಿದಾಗ ಮರಳುವಿರಿ? ನೀರು ಸರಿಯಿಲ್ಲವೆಂದು ಕಂಡರೆ, ಕೊಟ್ಟ ಹಣ ಹೋದರೂ ಇಳಿಯದೆ ಬರುವೆಯಾ? ಈ ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟವನನ್ನು ಆಶೀರ್ವದಿಸಿ ಕಳುಹಿಸಬಹುದು. ತಡವರಿಸಿದವನು ಇನ್ನಷ್ಟು ಕಲಿತು ಹೋಗಲಿ. ಮುಂದಿನ ಮಳೆಗಾಲ ಕಳೆದ ಮೇಲೆಯೂ ನೇತ್ರಾಣಿಯ ಸುತ್ತಲಿನ ನೀರು ತಿಳಿಯಾಗುವುದು.