ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ತುಂಬುವಾಗ

ಹೆಗಲಿಗೆ ತೂಗುಹಾಕಿಕೊಂಡು ಹಿತ್ತಲಿನ ಹುಲ್ಲು ಸವರುವ ಪೆಟ್ರೋಲು ಯಂತ್ರವನ್ನು ನೀವು ಕಂಡಿರಬಹುದು. ಅದರ ಅಲಗಿಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದೇ; ಅದು ಕಲ್ಲು ಸಿಡಿಸುವುದರಿಂದ ಮಕ್ಕಳು 15 ಮೀಟರಿನಾಚೆ ಇರಬೇಕು. ಆದರೆ ಪೆಟ್ರೋಲು ತುಂಬುವಾಗ ಅಷ್ಟು ಅಂಜಿಕೆ ಕಾಣದು. ಪೆಟ್ರೋಲು ಚಳಿಯಲ್ಲಿಯೂ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲದುದ್ದಕ್ಕೂ ಹರಿದು, ದೂರದ ಕಿಡಿಗೂ ಹೊತ್ತಿಕೊಳ್ಳಬಲ್ಲುದು. ಆಗತಾನೇ ನಿಂತ ಎಂಜಿನ್ನಿನ ಹೊಗೆಕೊಳವೆಯಂತೂ ಕಾದ ಹೆಂಚೇ ಸರಿ. ಆದುದರಿಂದ ಎಂಜಿನ್ ತಣಿಯುವವರೆಗೆ ತುಂಬಕೂಡದು. ಕೆಲಸಕ್ಕೆ ಬಂದವರು ಅವಸರಪಟ್ಟರೆ ಕಾಫಿ ಕೊಟ್ಟು ಕೂರಿಸಿ! ಒಳಗಿನ ಒತ್ತಡದಿಂದ ಪೆಟ್ರೋಲು ಚಿಮ್ಮೀತು, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಚೆಲ್ಲಿದ್ದನ್ನು ಒರಸಿ, ತುಂಬಿದ ಸ್ಥಳದಿಂದ 3 ಮೀಟರಾದರೂ ದೂರ ಒಯ್ದು ಚಾಲೂ ಮಾಡಬೇಕು. ಬಟ್ಟೆಗೆ ಪೆಟ್ರೋಲು ತಾಗಿದ್ದರೆ, ಬಟ್ಟೆ ಬದಲಿಸಿದ ಮೇಲೆಯೇ ಯಂತ್ರ ಮುಟ್ಟಬೇಕು.