ನಿಮಗಿದು ಗೊತ್ತೇ? ಮರಿಯ ಮಾತೆಯ ಸುತ್ತಮುತ್ತ

ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಹೆಣ್ಣು ಒಬ್ಬಳೇ: ಮರ್ಯಮ್, ಅಂದರೆ ಮರಿಯ. 19ನೆಯ ಅಧ್ಯಾಯಕ್ಕೂ ಆಕೆಯದೇ ಹೆಸರು. ಗೋಳಗುಮ್ಮಟದ ಊರಾದ ವಿಜಯಪುರಕ್ಕೆ ಯೇಸುವಿನ ತಾಯಿ ಹೊರಗಿನವಳೇನಲ್ಲ.

ವಿಜಯಪುರದ ಕಥೋಲಿಕ ದೇವಾಲಯ ಸಂತ ಅನ್ನಮ್ಮನ ಹೆಸರಿನದು. ಯಾರೀ ಅನ್ನಮ್ಮ? ಮರಿಯಳ ತಾಯಿ, ಅಂದರೆ ಯೇಸುವಿನ ಅಜ್ಜಿ. ಬೈಬಲ್ಲಿನಲ್ಲಿ ಹುಡುಕಿದರೆ ಸಿಗುವವಳಲ್ಲ. ಬೈಬಲ್ಲಿಗೆ ಸೇರದ, 2ನೆಯ ಶತಮಾನದ ಗ್ರಂಥವೊಂದು ಆಕೆಯ ಕಥೆ ಹೇಳುತ್ತದೆ. ಹಬ್ಬ ಜುಲೈ 26.

‘ಅಮಲೋದ್ಭವ’ ಎಂದರೆ ಕನ್ಯೆ ಯೇಸುವನ್ನು ಹೆತ್ತ ಸಂಗತಿ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ! ಅನ್ನಮ್ಮನ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಮರಿಯಳಿಗೆ, ಎಲ್ಲರಿಗೂ ಹುಟ್ಟಿನಿಂದಲೇ ಅಂಟುವ ಆದಿಪಾಪದ ಸೋಂಕು ತಗಲಲಿಲ್ಲ ಎಂಬುದು ಇದರ ತಿರುಳು. ಹಬ್ಬ ಡಿಸೆಂಬರ್ 8. ಮರಿಯಳ ಹುಟ್ಟುಹಬ್ಬ ಸೆಪ್ಟೆಂಬರ್ 8. ಬೆರಳು ಮಡಿಚಿ ಎಣಿಸಿ, ಸರಿಯಾಗಿ ಒಂಬತ್ತು ತಿಂಗಳು. ಮಹಾಪಂಡಿತ ಥಾಮಸ್ ಅಕ್ವಿನಾಸನೇ ಅಮಲೋದ್ಭವವನ್ನು ಒಪ್ಪಿರಲಿಲ್ಲ. ಶತಮಾನಗಳ ಜಗಳ ಮುಗಿದದ್ದು 1854ರಲ್ಲಿ, 9ನೆಯ ಪಯಸ್ ಪೋಪರ ಘೋಷಣೆಯಿಂದ. ನಾಲ್ಕೇ ವರ್ಷಕ್ಕೆ ಫ್ರಾನ್ಸಿನ ಲೂರ್ದಿನಲ್ಲಿ ಬರ್ನದೆತ್ ಎಂಬ ಬಡ ಹುಡುಗಿ, ತನಗೆ ಕಾಣಿಸಿಕೊಂಡ ತಾಯಿ ‘ಅಮಲೋದ್ಭವ’ ಎಂದೇ ತನ್ನ ಹೆಸರು ಹೇಳಿಕೊಂಡಳೆಂದಳು.

ನವೆಂಬರ್ 1 ನಮಗೆ ರಾಜ್ಯೋತ್ಸವ. ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದೂ 2014ರ ಅದೇ ದಿನ. 1950ರ ನವೆಂಬರ್ 1ರಂದು ರೋಮಿನಲ್ಲಿ 12ನೆಯ ಪಯಸ್ ಪೋಪರು, ಮರಿಯ ದೇಹಾತ್ಮ ಸಮೇತ ಸ್ವರ್ಗಕ್ಕೆ ಸೇರಿದಳು ಎಂಬುದನ್ನು ವಿಶ್ವಾಸದ ಸತ್ಯವೆಂದು ಸಾರಿದರು. ಆಕೆ ಅದಕ್ಕೆ ಮೊದಲು ಸತ್ತಳೇ? ಆ ಪ್ರಶ್ನೆಯನ್ನು ಘೋಷಣೆ ಬೇಕೆಂದೇ ತೆರೆದಿಟ್ಟಿದೆ. ಜಾಣತನ! ಹಬ್ಬ ಆಗಸ್ಟ್ 15. ಧ್ವಜಾರೋಹಣವೂ ಇಗರ್ಜಿಯ ಬಲಿಪೂಜೆಯೂ ಒಂದೇ ಬೆಳಿಗ್ಗೆ.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು ಕೇಳಬೇಕಾದ ಕಥೆ ಯೊವಾನ್ನನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದದ್ದನ್ನು ಮಗನ ಕಿವಿಗೆ ಹಾಕಿದವಳು ಮರಿಯ. ಆರು ಕಲ್ಲಿನ ಬಾನೆಗಳ ನೀರು ರಸವಾಯಿತು. ಇಂದಿಗೂ ಬಲಿಪೂಜೆಗೆ ದ್ರಾಕ್ಷಿಯ ರಸವೇ ಆಗಬೇಕು, ಬೇರೆ ಹಣ್ಣಿನದು ನಡೆಯದು.

ರುದ್ರಾಕ್ಷಿ ಮಾಲೆಗೆ 108 ಮಣಿ, ತಸ್ಬೀಹಿಗೆ 99. ಕಥೋಲಿಕರ ಜಪಮಾಲೆಯನ್ನು ಒಂದು ಸುತ್ತು ಮುಗಿಸಿದರೆ ‘ನಮೋ ಮರಿಯ’ ಪ್ರಾರ್ಥನೆ 53 ಸಲ. ಧ್ಯಾನಿಸುವ ರಹಸ್ಯಗಳು ಹದಿನೈದಿದ್ದವು. 2002ರಲ್ಲಿ 2ನೆಯ ಜಾನ್ ಪಾಲ್ ಪೋಪರು ಇನ್ನೈದು ಸೇರಿಸಿದರು.

ಮರಿಯ ದೇವರಲ್ಲ, ಆರಾಧನೆ ದೇವರಿಗೆ ಮಾತ್ರ; ಆಕೆಗೆ ಸಲ್ಲುವುದು ಸಂತರೆಲ್ಲರಿಗಿಂತ ಮೇಲಿನ ಗೌರವ. ‘ದೇವಮಾತೆ’ ಎಂಬ ಬಿರುದು ಗಟ್ಟಿಯಾದದ್ದು 431ರ ಎಫೆಸಸ್ ಸಭೆಯಲ್ಲಿ. ಶಾಸ್ತ್ರ ಇಷ್ಟು ನಾಜೂಕಾಗಿ ಗೆರೆ ಎಳೆದಿದೆ. ಭಕ್ತರಿಗೆ ಗೆರೆಗಿಂತ ಸೀರೆ ಮುಖ್ಯ: ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾದಲ್ಲಿ ತಾಯಿಗೆ ಸೀರೆ ಉಡಿಸುತ್ತಾರೆ, ಸೆಪ್ಟೆಂಬರ್ 8ರಂದು ತೇರು ಎಳೆಯುತ್ತಾರೆ. ಹರಕೆ ಹೊತ್ತವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ.

ಅದೇ ದಿನ ಮಂಗಳೂರು ಕಡೆ ಮೊಂತಿ ಫೆಸ್ತ್. ಮಕ್ಕಳು ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹೊಸ ಭತ್ತದ ತೆನೆ ಇಗರ್ಜಿಯಲ್ಲಿ ಆಶೀರ್ವಾದ ಪಡೆದು ಮನೆಗೆ ಬರುತ್ತದೆ. ಮೀನಿಲ್ಲದೆ ಊಟ ಸೇರದ ಮನೆಗಳಲ್ಲೂ ಅಂದು ಬರೀ ತರಕಾರಿ!